ಪಾಂಡವರ ಮನೆಯ ಕೂಸು

ಹರವೆಯ ಶಾಂತಮಲ್ಲಪ್ಪನಿಗೆ ಆ ಗುಡ್ಡದ ಕಡೆ ಕಾಲು ಹಾಕುವುದೇ ಬೇಡವಾಗಿತ್ತು. ಬೇಡ ಅಂದರೆ ಯಾರು ಕೇಳುತ್ತಾರೆ? ಹಳೇ ಕಾಲದ ಕಲ್ಲು ನೋಡುವ ಸಾಹೇಬರೊಬ್ಬರು ಮೈಸೂರಿನಿಂದ ಬಂದಿದ್ದರು. ಪಟೇಲರು ಇವನನ್ನೇ ಕರೆದು, 'ದಾರಿ ಬಲ್ಲೋನು ನೀನೇ ಕಣಯ್ಯ, ಕರ್ಕೊಂಡೋಗು' ಅಂದುಬಿಟ್ಟರು. ಊರಿನವರು ಪಾಂಡವರ ಮನೆ ಅನ್ನುವ ಆ ಜಾಗಕ್ಕೆ ಎರಡು ಮೈಲಿ ನಡೆಯಬೇಕು. ಗುಂಡುಕಲ್ಲುಗಳನ್ನು ಬಳೆಯ ಹಾಗೆ ಸುತ್ತ ಜೋಡಿಸಿದ ಏಳು ವೃತ್ತಗಳು ಅಲ್ಲಿವೆ. ಒಂದೊಂದರ ನಡುವೆಯೂ ಚಪ್ಪಡಿ ನಿಲ್ಲಿಸಿ ಕಟ್ಟಿದ ಕಲ್ಲಿನ ಕೋಣೆ, ಮುಂದಿನ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಯಾವ ಕಾಲದವರೋ ತಮ್ಮ ಸತ್ತವರಿಗೆ ಕಟ್ಟಿಕೊಂಡದ್ದು.

ಏಳನೆಯ ಕೋಣೆಯೊಳಗೆ ಶಾಂತಮಲ್ಲಪ್ಪನ ಮಗಳಿದ್ದಳು. ಅದು ಅವನೊಬ್ಬನಿಗೇ ಗೊತ್ತು.

ಹನ್ನೆರಡು ವರ್ಷದ ಹಿಂದಿನ ಮಾತು. ನಲವತ್ತನಾಲ್ಕನೇ ಇಸವಿಯಲ್ಲಿ ಊರಿಗೆ ಸಿಡುಬು ಹೊಕ್ಕಿತ್ತು. ಹೆಂಡತಿ ಪುಟ್ಟಬಸಮ್ಮ ಮೈತುಂಬ ಬೊಕ್ಕೆ ಎದ್ದು, ಬೇವಿನಸೊಪ್ಪಿನ ಮೇಲೆ ಎಚ್ಚರವಿಲ್ಲದೆ ಬಿದ್ದಿದ್ದಳು. ಇಪ್ಪತ್ತು ದಿನದ ಕೂಸು ಹೋಯಿತು. ಅವರಲ್ಲಿ ಸತ್ತವರನ್ನು ಮಲಗಿಸುವ ಪದ್ಧತಿಯಿಲ್ಲ. ಗುಂಡಿಯ ಪಕ್ಕಕ್ಕೆ ಗೂಡು ತೋಡಿ, ಕೊರಳಿನ ಲಿಂಗವನ್ನು ಎಡಗೈಗೆ ಕೊಟ್ಟು, ಬಡಗಲಿಗೆ ಮುಖ ಮಾಡಿ ಕೂರಿಸುತ್ತಾರೆ. ಅದಕ್ಕೆ ತೋಡುವ ಜನ ಬೇಕು, ಅಯ್ಯನವರು ಬೇಕು. ಅಮ್ಮ ಬಂದ ಮನೆಗೆ ಯಾವನು ಬರುತ್ತಾನೆ? ಸಾಲದ್ದಕ್ಕೆ ಅವನಿಗೂ ಜ್ವರ. ಕೂಸನ್ನು ಹೆಗಲಿಗೆ ಹಾಕಿಕೊಂಡು, ಹಾರೆ ಹಿಡಿದು ಹೊಲಕ್ಕೆ ಹೊರಟವನು ಗುಡ್ಡದ ಹತ್ತಿರ ಬರುವಷ್ಟರಲ್ಲಿ ಸೋತು ಕೂತುಬಿಟ್ಟ. ಎದುರಿಗೇ ಕಟ್ಟಿದ ಗೂಡು ಇತ್ತು. ಕೂರಿಸುವುದಕ್ಕೆಂದೇ ಕಟ್ಟಿದ್ದಾರೆ ಅನ್ನಿಸಿತು ಆ ಜ್ವರದ ತಲೆಗೆ. ಕೂಸನ್ನು ಕೊರಳಿನ ಲಿಂಗದ ಚೀಲದ ಸಮೇತ ಕಿಂಡಿಯಿಂದ ಒಳಗಿಳಿಸಿದ. ಕಿಂಡಿಗೆ ಕಲ್ಲು ಕೊಟ್ಟು, ಸಂದಿಗೆಲ್ಲ ಚಕ್ಕೆ ಬಡಿದು ಜೇಡಿಮಣ್ಣು ಮೆತ್ತಿದ. ಆ ಸ್ಥಿತಿಯಲ್ಲೂ ಪುಣ್ಯಾತ್ಮ ಕೆಲಸ ಕೆಡಿಸಲಿಲ್ಲ.

ಹೆಂಡತಿ ಚೇತರಿಸಿಕೊಂಡು ಕೇಳಿದಾಗ, ಹೊಲದ ಮೂಲೆಯಲ್ಲಿ ಕೂರಿಸಿದ್ದೇನೆ ಅಂದ. ಲಿಂಗ ಕಾಣದ ಯಾರ್ಯಾರದೋ ಹೆಣಗಳ ನಡುವೆ ಬಿಟ್ಟುಬಂದೆ ಅನ್ನಲು ಬಾಯಿ ಬರಲಿಲ್ಲ. ಆಮೇಲೆ ಹೋಗಿ ಒಂದು ಮಣ್ಣಿನ ಗುಡ್ಡೆ ಮಾಡಿಟ್ಟ. ಅಂದಿನಿಂದ ಸೋಮವಾರ ತಪ್ಪಿಸದೆ ಅವಳು ಆ ಬರೀ ಮಣ್ಣಿಗೆ ವಿಭೂತಿ ಇಟ್ಟು, ಪತ್ರೆ ಏರಿಸಿ, ಒಂದು ಗಳಿಗೆ ಕೂತು ಮಾತಾಡಿಕೊಂಡು ಬರುತ್ತಾಳೆ. ಮತ್ತೆ ಮಕ್ಕಳಾಗಲಿಲ್ಲ. ಮೊದಮೊದಲು ಶಾಂತಮಲ್ಲಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ಬರಬರುತ್ತ ಏನೂ ಅನ್ನಿಸದಾಯಿತು. ಅಳು, ಹೆದರಿಕೆ ಎಲ್ಲ ಮರಗಟ್ಟಿ ಹೋಗಿದ್ದವು. ಅವನಿಗೆ ಬೇಕಾಗಿದ್ದುದು ಇಷ್ಟೇ, ಅವಳಿಗೆ ಗೊತ್ತಾಗಬಾರದು.

ಬಿಸಿಲೇರುವ ಮೊದಲು ಆರು ವೃತ್ತ ತೋರಿಸಿ ಮುಗಿಸಿದ. ಸಾಹೇಬರು ಟೇಪು ಹಿಡಿದು ಅಳೆದರು, ಬರೆದುಕೊಂಡರು, ಏಳನೆಯದು ಅಡಗಿದ್ದ ಮುಳ್ಳುಪೊದೆಯ ಕಡೆ ಕತ್ತೆತ್ತಿ ನೋಡಿದರು.

'ಅಲ್ಲೇನಿಲ್ಲ ಬುದ್ದಿ, ಬರೀ ಆವು. ಊರ್ಕಡೆ ಓಗನ' ಅಂದ ಶಾಂತಮಲ್ಲಪ್ಪ.

ಕಲ್ಲು ಹುಡುಕಿಕೊಂಡು ಮೈಸೂರಿನಿಂದ ಬಂದವರು ಹಾವಿಗೆ ಹೆದರುತ್ತಾರೆಯೇ! ಪೊದೆ ಸರಿಸಿ ನುಗ್ಗಿಯೇಬಿಟ್ಟರು.

'ಆ ಆರನ್ನೂ ಯಾರೋ ನಿಧಿಯಾಸೆಗೆ ಕೆಡವಿದ್ದಾರೆ. ಇದರ ಕಿಂಡಿ ನೋಡಿ, ಎಷ್ಟು ಭದ್ರವಾಗಿ ಮುಚ್ಚಿದೆ! ಇದನ್ನು ಯಾರೂ ಮುಟ್ಟಿಲ್ಲ. ಇದನ್ನೇ ತೆಗೆಯೋಣ' ಅಂದರು.

ಅರ್ಧಂಬರ್ಧ ಮುಚ್ಚಿದ್ದರೆ ಶಾಂತಮಲ್ಲಪ್ಪ ಉಳಿದುಕೊಳ್ಳುತ್ತಿದ್ದನೋ ಏನೋ. ಅದನ್ನು ನೆನೆದು ಅವನಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಹಾರೆ ಹಾಕಿ ತಾನೇ ಕಲ್ಲು ಮೀಟಿದ.

ಸಾಹೇಬರು ಬ್ಯಾಟರಿ ಬಿಟ್ಟು ನೋಡಿ, ಒಳಗೆ ಕೈಹಾಕಿ ಒಂದು ಮಡಕೆಚೂರು ತೆಗೆದರು. ಮತ್ತೆ ಕೈಹಾಕಿದಾಗ ಒಂದು ಚಿಕ್ಕ ಬಟ್ಟೆಚೀಲ ಬಂತು. ಬಿಚ್ಚಿದರೆ ಲಿಂಗ. ಅವರ ಮುಖ ಇಳಿದುಹೋಯಿತು.

'ಇದು ಹಳೇದಲ್ಲ. ಒಳಗೆ ಈಚಿನದೊಂದು ಮಗು ಇದೆ' ಅಂದರು ಮೆಲ್ಲಗೆ.

ಅಷ್ಟು ಹೊತ್ತಿಗೆ ಸಾಹೇಬರ ಊಟದ ಬುಟ್ಟಿ ಹೊತ್ತು ಪುಟ್ಟಬಸಮ್ಮ ಬಂದು ನಿಂತಿದ್ದಳು. ಪಟೇಲರ ಮನೆಯವರು ಅವಳ ಕೈಯಲ್ಲೇ ಕಳಿಸಿದ್ದರು. ಬುಟ್ಟಿ ಇಳಿಸಿ ಚೀಲ ಇಸಿದುಕೊಂಡಳು. ಬಸಿರಿಯಾಗಿದ್ದಾಗ ತಾನೇ ಹೊಲಿದ ಚೀಲ, ತನ್ನದೇ ಹೊಲಿಗೆ. ತಿರುಗಿಸಿ ತಿರುಗಿಸಿ ನೋಡಿದಳು. ಗಂಡನನ್ನು ಬಯ್ಯಲಿಲ್ಲ.

'ಯಾವ್ ಕಡೀಕೆ ಮಕ ಮಾಡಿ ಕೂರ್ಸುದೆ?' ಅಂದಳು.

'ಗೊತ್ತಿಲ್ಲ ಕಣಮ್ಮಿ. ಒಳ್ಗೆ ಏನೂ ಕಾಣ್ನಿಲ್ಲ. ತೋಳ್ನ ಇಳೀಬುಟ್ಟು ಕೈಯಂದಾಜಲ್ಲೇ ಕೂರ್ಸ್ಬುಟ್ಟೆ.'

ಅವಳು ಸಾಹೇಬರ ಕಡೆ ತಿರುಗಿದಳು. 'ಒಳ್ಗೆ ಬ್ಯಾರೆ ಯಾರಾರ ಅವ್ರಾ ಬುದ್ದಿ?'

'ಇದ್ದಾರಮ್ಮ. ಇಬ್ಬರೋ ಮೂವರೋ ದೊಡ್ಡವರ ಮೂಳೆ ಇದೆ. ಎರಡು ಸಾವಿರ ವರ್ಷದ ಹಿಂದಿನವರು.' ಸಾಹೇಬರು ಟೇಪು ಸುತ್ತಿಕೊಂಡರು. 'ಇದನ್ನು ಮುಚ್ಚಿಬಿಡಿ. ನನಗೆ ಬೇಡ.'

ಪುಟ್ಟಬಸಮ್ಮ ಲಿಂಗವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿ ಗಂಡನ ಕೈಗೆ ಕೊಟ್ಟಳು. 'ಕೂಸಿನ ತಾವ್ಲೇ ಮಡುಗ್ಬುಡು' ಅಂದಳು.

ಶಾಂತಮಲ್ಲಪ್ಪ ಮಂಡಿಯೂರಿ, ಹೆಗಲ ತನಕ ತೋಳನ್ನು ಕಿಂಡಿಯೊಳಗೆ ಬಿಟ್ಟ. ಬೆರಳಿಗೆ ತಣ್ಣನೆಯ ಮಣ್ಣು ಸಿಕ್ಕಿತು, ಆಮೇಲೆ ಹಗುರವಾದದ್ದೇನೋ ಸಿಕ್ಕಿತು. ಹಿಂದಿನಿಂದ ಹೆಂಡತಿ ಮಾತಾಡಿದಳು.

'ಕೂಸು ಒಂಟಿಯಾಗಿರ್ನಿಲ್ಲ ಬುಡು. ಒಂಟಿಯಾಗಿದ್ದೋಳು ನಾನು. ಅನ್ನೆರಡು ವರ್ಸ ನಾನು ಬರೀ ಮಣ್ಣಿನ್ ತಾವು ಮಾತಾಡದ ನೋಡ್ಕಂಡು ಸುಮ್ನಿದ್ದಲ್ಲ ನೀನು.'

ಅವನ ಕೆನ್ನೆ ಚಪ್ಪಡಿಗೆ ಒತ್ತಿತ್ತು, ತೋಳು ಒಳಗಿತ್ತು. ತಿರುಗಿ ಅವಳ ಮುಖ ನೋಡಲು ಆಗಲಿಲ್ಲ.