ಇದಲ್ಲ, ಅದಾ?

ಮತ್ತೆ ಬಂತು ಕಪ್ಪು ಪರದೆಯ ಮೇಲೆ ಆ ಪ್ರಶ್ನೆ, ಇದಲ್ಲ, ಅದಾ? — ಏನು ಟೈಪು ಮಾಡಿದರೂ ತಿದ್ದಲು ಬರುವ ಚಾಳಿ ಈ ಹೊಸ ಕಂಪ್ಯೂಟರಿಗೆ, ಅವಳು ಹೊಡೆದದ್ದು ಪುಟ್ಟಿ ಅಂತಲೇ, ತಾನು ಮನೆಯಿಂದಲೇ ನೋಡಿಕೊಳ್ಳುವ ಗ್ರಂಥಾಲಯದ ಹಳೆಯ ಸರ್ವರ್ ಕಂಪ್ಯೂಟರಿಗೆ ತಾನೇ ಇಟ್ಟ ಹೆಸರು, ಅಣ್ಣ ತನ್ನನ್ನು ಕರೆಯುವ ಹೆಸರು, ಅವನು ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಪುಟ್ಟೀ ಎಂದರೆ ಸಾಕು, ದಾರವೋ ಕತ್ತರಿಯೋ ಹಿಡಿದು ಓಡುತ್ತಿದ್ದಳು, ಹಾಗೇ ಕರೆದಾಗ ಇದೂ ಓಗೊಡಲಿ ಎಂದು. ಅಲ್ಲಪ್ಪಾ, ನಾನು ಹೇಳಿದ್ದು ನನಗೆ ಗೊತ್ತಿಲ್ವಾ, ನಿನ್ನನ್ನ ಕೇಳಿದವರ್ಯಾರು, ಬೇಡ ಎಂದು ಒತ್ತುತ್ತಾಳೆ, ಬೆಳಿಗ್ಗೆಯಿಂದ ಹನ್ನೊಂದನೇ ಸಲ — ಪಕ್ಕದ ಕುರ್ಚಿಯಲ್ಲಿ ಅಣ್ಣ, ಬಲಗೈ ಮಡಿಲಲ್ಲಿ ಮಲಗಿದೆ, ಪಾರ್ಶ್ವವಾಯು ಹೊಡೆದ ಮೇಲೆ ಮಾತು ಅವನ ಬಾಯಿಗೆ ನಿಧಾನವಾಗಿ ಬರುತ್ತದೆ, ಮೊದಮೊದಲು ಎಡಗೈಯ ತೋರುಬೆರಳು ಎತ್ತುತ್ತಿದ್ದ, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳು, ತಾಳು, ಬರ್ತಾ ಇದೆ ಅನ್ನುವ ಬೆರಳು, ಅವಳು ತಾಳಿದರೆ ತಾನೆ, ನೀರಾ ಅಣ್ಣ, ಕನ್ನಡಕಾನಾ, ಫ್ಯಾನ್ ಹಾಕ್ಲಾ, ಬೆರಳು ಇಳಿಯುತ್ತಿತ್ತು, ಹೂಂ ಅಂದು ಬೇಡದ ನೀರನ್ನು ಪಾಪ ಕುಡಿಯುತ್ತಿದ್ದ. ಅವಸರಪಡಿಸಿದ ಗಿರಾಕಿಗಳಿಗೆಲ್ಲ, ಆತುರಗಾರನಿಗೆ ಬುದ್ಧಿ ಮಟ್ಟ ಸ್ವಾಮಿ, ನಾಳೆ ಬನ್ನಿ ಎಂದು ನಗುತ್ತಿದ್ದವನು. ನಾಲ್ಕು ದಿನದಿಂದ ಒಂದು ಮಾತಿಲ್ಲ, ಬೆರಳೂ ಎತ್ತಿಲ್ಲ, ಮಾತಿನ ಅಭ್ಯಾಸ ಮಾಡಿಸುವ ಮೇಡಂ ಮೊದಲ ದಿನವೇ ಅಂದಿದ್ದರು, ಎಲ್ಲಾ ನೀವೇ ಹೇಳಿಬಿಟ್ರೆ ಅವರು ಮಾತಾಡೋದನ್ನೇ ಬಿಟ್ಟುಬಿಡ್ತಾರೆ ನೋಡಿ, ಕೇಳಿದ್ದಳೇ, ಇಲ್ಲ, ಪ್ರೀತಿಗೆ ಕಿವಿ ಸ್ವಲ್ಪ ಮಂದ — ಇದಲ್ಲ, ಅದಾ? — ಕೈ ಕೀಲಿಗಳ ಮೇಲೆ ನಿಂತೇ ಹೋಯಿತು, ಅಯ್ಯೋ, ಇದು ನಾನೇ, ನೀರಾ ಕನ್ನಡಕಾನಾ ಫ್ಯಾನಾ ಅಂದದ್ದು ಇದೇ ದನಿಯಲ್ಲಿ; ಸೆಟ್ಟಿಂಗಿನ ಫೈಲು ತೆಗೆದು, ಇನ್ನು ತಿದ್ದಬೇಡ ಎಂಬ ಒಂದು ಸಾಲು ಬರೆದು, ಮುಚ್ಚಿ, ಕಪ್ಪು ಪರದೆಯನ್ನು ಮತ್ತೆ ತೆರೆದು, ಪುಟ್ಟಿ ಎಂದು ಹೊಡೆದಳು, ಪ್ರಶ್ನೆಯಿಲ್ಲ, ತಕರಾರಿಲ್ಲ, ಓಗೊಟ್ಟಿತು, ತಪ್ಪಾದರೆ ಆಗಲಿ, ತಪ್ಪೂ ನನ್ನದೇ ಇರಲಿ; ಕುರ್ಚಿಯನ್ನು ಅವನ ಕಡೆ ತಿರುಗಿಸಿದಳು, ಎರಡೂ ಕೈ ತೊಡೆಯ ಕೆಳಗಿಟ್ಟು ಕೂತಳು, ಕೈ ಸುಮ್ಮನಿದ್ದರೆ ಬಾಯಿಯೂ ಸುಮ್ಮನಿದ್ದೀತು, ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ, ಗಡಿಯಾರ, ಅಣ್ಣ ನೋಡುತ್ತಾನೆ, ಇವಳೇನು ಇವತ್ತು ಮೂಕಿಯಾದಳಾ ಎಂಬ ಹಾಗೆ, ನೋಡುತ್ತಾನೆ, ಮತ್ತೆ — ಬೆರಳು — ಮೆಲ್ಲಗೆ ಏಳುತ್ತಿದೆ, ತುಟಿ ಕೂಡುತ್ತದೆ, ಪು, ಅನ್ನುತ್ತಾನೆ, ಪು, ನೀರಲ್ಲ, ಕನ್ನಡಕವೂ ಅಲ್ಲ, ಇಷ್ಟು ದಿನವೂ ಬರೀ ಕರೆಯುತ್ತಿದ್ದನೋ ಏನೋ, ಉಳಿದದ್ದು ಅವಳ ನಾಲಿಗೆಯ ತುದಿಯಲ್ಲೇ ಇದೆ, ಹಲ್ಲು ಕಚ್ಚುತ್ತಾಳೆ, ಹೇಳಲಾರಳು, ಹೇಳಬಾರದು, ಹೇಳು ಅಣ್ಣ, ಸಂಜೆಯಾಗಲಿ, ಕೂತಿರ್ತೀನಿ, ಪು — ನಡುಗುತ್ತಿದೆ, ಇಳಿದಿಲ್ಲ, ಬೆರಳು