ಮಲಾಯಕ್ಕೆ ಹೋಗದ ದುಡ್ಡು

ಮಲಾಯದಿಂದ ದುಡ್ಡು ಬರುವುದು ತಾರಮಂಗಲದ ಸುತ್ತಿನವರಿಗೆಲ್ಲ ಗೊತ್ತಿತ್ತು. ಇಲ್ಲಿಂದ ಅಲ್ಲಿಗೆ ಕಳಿಸಬೇಕು ಎಂದು ಮಾರಕ್ಕ ಹೊರಟಾಗ ಮಾತ್ರ ಎಲ್ಲರೂ ಅವಳ ಮುಖವನ್ನೇ ನೋಡಿದರು. ಅಂಚೆ ಕಚೇರಿಯ ರಾಜಗೋಪಾಲ್, "ಅಲ್ಲಿಂದ ಬಂದ್ರೆ ಕೊಡ್ತೀನಿ. ಇಲ್ಲಿಂದ ಕಳಿಸಕ್ಕೆ ಮುಡಿಯಾದಮ್ಮ, ಆಗಲ್ಲ, ಗೌರ್ಮೆಂಟ್ ರೂಲ್ಸು" ಎಂದ. ಸೇಲಂನ ಬ್ಯಾಂಕಿನವರು ಮೇಲಿನಿಂದ ಪರ್ಮಿಷನ್ ತಾ ಎಂದರು. ಅದಕ್ಕೆ ಮದರಾಸಿಗೆ ಬರೆಸಿ ಹಾಕಿದ ಅರ್ಜಿ ಎಲ್ಲಿ ಹೋಗಿ ಬಿತ್ತೋ, ಆ ದೇವರೇ ಬಲ್ಲ.

ದುಡ್ಡೇನು ಅವಳದಲ್ಲ. ತಮ್ಮ ಚಿಕ್ಕಮುನಿಯಪ್ಪ ಹುಟ್ಟಿದಾಗ ಅಪ್ಪ ಒಂದು ಹೆಣ್ಣು ಕುರಿಮರಿಯ ಕಿವಿಗೆ ಕಚ್ಚು ಹಾಕಿ, ಇದರ ಸಂತಾನವೆಲ್ಲ ಇವನದು ಎಂದಿದ್ದ. ತಮ್ಮ ಮಲಾಯದ ರಬ್ಬರ್ ತೋಟಕ್ಕೆ ಹೋದ ಮೇಲೂ ಆ ಕಚ್ಚಿನ ಕುರಿಗಳನ್ನು ಮಾರಕ್ಕ ಅವನ ಪಾಲೆಂದೇ ಸಾಕಿದ್ದಳು. ಈಗ, ಎಪ್ಪತ್ತನೇ ಇಸವಿಯಲ್ಲಿ, ಪರ್ಮಿಟ್ ಇಲ್ಲದ ಪರದೇಶದವರಿಗೆ ಕೆಲಸವಿಲ್ಲ ಎಂದು ಅಲ್ಲಿನ ಸರ್ಕಾರ ಹೇಳಿತಂತೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅವನು ಹೊಟ್ಟೆಗಿಲ್ಲದೆ ಕೂತಿದ್ದ. ಹಡಗಿನ ಟಿಕೆಟ್ಟಿಗೆ ನನ್ನ ಕುರಿ ಮಾರಿ ಕಳಿಸಕ್ಕ ಎಂದು ಬರೆಸಿದ್ದ. ಕುರಿ ಮಾರಿ ಆರು ತಿಂಗಳಾದರೂ ದುಡ್ಡು ಅವಳ ಸೊಂಟದ ಗಂಟು ಬಿಟ್ಟು ಕದಲಿರಲಿಲ್ಲ. ಕೈತುಂಬ ಕಾಸಿಟ್ಟುಕೊಂಡು ಒಡಹುಟ್ಟಿದವನನ್ನು ಉಪವಾಸ ಕೆಡವುವ ಹಣೆಬರಹ ಯಾರಿಗೂ ಬೇಡ.

ಕೊನೆಗೆ ತಮ್ಮನೇ ಒಂದು ದಾರಿ ಬರೆದ. ಅದೇ ತೋಟದ ಗೋವಿಂದನ್‌ಗೆ ಮೊರಪ್ಪೂರಿನಲ್ಲಿ ಪಾಪಮ್ಮ ಎಂಬ ಹೆಂಡತಿ ಇದ್ದಾಳೆ. ನೀನು ಅವಳ ಕೈಗೆ ದುಡ್ಡು ಕೊಟ್ಟು, ಒಂದು ಕಾಗದಕ್ಕೆ ಅವಳ ಹೆಬ್ಬೆಟ್ಟು ಒತ್ತಿಸಿ ಕಳಿಸು. ಗೋವಿಂದನ್ ಅದನ್ನು ನೋಡಿ ಇಲ್ಲಿ ನನಗೆ ಅಷ್ಟನ್ನೇ ಕೊಡುತ್ತಾನೆ. ಇಷ್ಟು ಸಲೀಸಾದ ಕೆಲಸಕ್ಕೆ ಬೀದಿ ಬೀದಿ ಅಲೆದೆನಲ್ಲ ಎಂದು ತನ್ನನ್ನೇ ಬೈದುಕೊಂಡು ಮಾರಕ್ಕ ರೈಲು ಹತ್ತಿದಳು.

ಪಾಪಮ್ಮ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ವಿಷಯ ಕೇಳಿ, ಬಿಚ್ಚಿದ ಗಂಟನ್ನು ನೋಡಿ ಅಡ್ಡಡ್ಡ ತಲೆಯಾಡಿಸಿದಳು.

"ನಂಗೆ ಬ್ಯಾಡ. ತಕ್ಕೊಂಡೋಗು."

ಮಾರಕ್ಕನಿಗೆ ತಲೆ ಕೆಟ್ಟಿತು. "ಪೋಸ್ಟಾಫೀಸ್ನೋನು ಬ್ಯಾಡ ಅಂದ, ಬ್ಯಾಂಕ್ನೋನು ಬ್ಯಾಡ ಅಂದ. ಈಗ ನೀನೂನಾ? ಗಂಡನ ದುಡ್ಡು ತಕ್ಕಣಕ್ಕೇನವ್ವ ಕಷ್ಟ?"

"ಅವ್ನು ಅಲ್ಲೊಬ್ಳನ್ನ ಕಟ್ಕೊಂಡವ್ನೆ. ಇದು ನನ್ನ ಬಿಡಕ್ಕೆ ಕೊಡೋ ದುಡ್ಡು. ಇಸ್ಕೊಂಡು ಹೆಬ್ಬೆಟ್ಟು ಒತ್ತಿದ್ರೆ ನಂಗೂ ಅವ್ನಿಗೂ ತೀರ್ತು ಅಂತ ಕುಲದೋರಿಗೆ ಕಾಗದ ಆಕವ್ನೆ. ನಿನ್ ತಮ್ಮ ಏಳ್ಲಿಲ್ವಾ?"

ಹೇಳಿರಲಿಲ್ಲ. ಇಷ್ಟು ದಿನ ಸಿಕ್ಕಸಿಕ್ಕವರ ಮೇಲೆಲ್ಲ ಮಾರಕ್ಕ ಹರಿಹಾಯ್ದಿದ್ದಳು. ಎದುರಿಗಿದ್ದ ಇವಳ ಮೇಲೆ ಮಾತ್ರ ಸಿಟ್ಟಾಗುವಂತಿರಲಿಲ್ಲ. ಗಂಟು ಕಟ್ಟಿಕೊಂಡು ಎದ್ದಳು.

"ಎಷ್ಟು ಮಕ್ಳು ನಿನ್ ತಮ್ಮನ್ಗೆ?" ಪಾಪಮ್ಮ ಕೇಳಿದಳು.

"ಮೂರು. ಕಡೇದು ಇನ್ನೂ ಕೈಗೂಸು."

ಪಾಪಮ್ಮ ಇನ್ನಷ್ಟು ಬೀಜ ಬಿಡಿಸಿದಳು. ಆಮೇಲೆ ಅಂಟಂಟಾದ ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚಿದಳು. ಮಾರಕ್ಕನ ಕೈ ಮೇಲೇಳಲಿಲ್ಲ.

"ಕೊಡಕ್ಕ. ನಿಮ್ಮೋನು ಬರೋನು, ಬರ್ಲಿ. ನಮ್ಮೋನು ಎಂಗೂ ಬರಲ್ಲ. ಮಸಿ ತಂದಿದ್ದೀಯಾ?"

ಮಾರಕ್ಕ ಕೊಟ್ಟಳು. ಹೆಬ್ಬೆಟ್ಟಿನ ಕಾಗದವನ್ನು ಮಡಿಸಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ತಮ್ಮ ಬಂದಿಳಿದ ದಿನ ಅವನಿಗೆ ಯಾವ ಮನಸ್ಸಿನಿಂದ ಅನ್ನ ಇಕ್ಕಲಿ ಎಂದು ತಿಳಿಯದೆ, ದಾರಿಯುದ್ದಕ್ಕೂ ಅವನನ್ನೇ ಬೈದಳು.