ಎರಡು ಕಚೇರಿಗೆ ಒಂದೇ ಪದ

ಆಸ್ಪತ್ರೆಗಳ ಮಾಹಿತಿ ಕಚೇರಿಯಲ್ಲಿ ಅವಳನ್ನು ಎಲ್ಲರೂ ಗಂಟಕ್ಕ ಎಂದೇ ಕರೆಯುತ್ತಿದ್ದರು. ಬೇರೆ ಬೇರೆ ಕಚೇರಿಗಳ ಕಂಪ್ಯೂಟರ್ ದಾಖಲೆಗಳನ್ನು ಒಂದಕ್ಕೊಂದು ಗಂಟು ಹಾಕುವುದು ತನ್ನ ಕೆಲಸ, ಅದಕ್ಕೇ ಆ ಹೆಸರು ಎಂದು ಅವಳು ನಂಬಿದ್ದಳು. ಉಳಿದವರು ಅವಳ ಗಂಟುಮೋರೆ ನೋಡಿ ಇಟ್ಟಿದ್ದರು. ಹದಿನಾಲ್ಕು ವರ್ಷ ಆ ಹೆಸರಿಗೆ ಓಗೊಟ್ಟರೂ ಒಂದು ದಿನವಾದರೂ ಅನುಮಾನ ಬಂದಿತೇ? ಇಲ್ಲ.

ಹೋದ ವರ್ಷ ಅವಳ ಪಾಲಿಗೆ ಬಂದದ್ದು ದೊಡ್ಡ ಗಂಟು. ಊರಿನ ಡಯಾಲಿಸಿಸ್ ಕೇಂದ್ರಗಳ ದಾಖಲೆಯನ್ನೂ ಕಿಡ್ನಿಗಾಗಿ ಕಾಯುವವರ ಪಟ್ಟಿಯನ್ನೂ ಸೇರಿಸಬೇಕು. ಕೇಂದ್ರದಲ್ಲಿ ಬದಲಾದದ್ದು ಪಟ್ಟಿಯಲ್ಲೂ ತಾನಾಗಿಯೇ ಬದಲಾಗಬೇಕು. ಎರಡೂ ಕಡೆಯ ಅಂಕಣಗಳನ್ನು ಅಕ್ಕಪಕ್ಕ ಇಟ್ಟುಕೊಂಡು, ಯಾವುದಕ್ಕೆ ಯಾವುದು ಎಂದು ಗೆರೆ ಎಳೆಯುತ್ತ ಹೋದಳು. ಹೆಸರಿಗೆ ಹೆಸರು, ರಕ್ತದ ಗುಂಪಿಗೆ ರಕ್ತದ ಗುಂಪು. ‘ಸ್ಥಿತಿ’ ಎಂಬ ಅಂಕಣದಲ್ಲಿ ಎರಡೂ ಕಡೆ ‘ಮುಗಿದಿದೆ’ ಎಂಬ ಪದವಿತ್ತು. ಒಂದಕ್ಷರವೂ ವ್ಯತ್ಯಾಸವಿಲ್ಲ. ಅವಳಿಗೆ ಖುಷಿಯೋ ಖುಷಿ.

ಒಂದು ಕೇಂದ್ರದ ಹಿರಿಯ ನರ್ಸಮ್ಮ ಮಾತ್ರ ಫೋನ್ ಮಾಡಿದ್ದಳು. “ನಮ್ಮ ಮುಗಿದಿದೆ, ಅವರ ಮುಗಿದಿದೆ, ಎರಡೂ ಒಂದೇನಾ ಮೇಡಂ? ಒಂದ್ಸಲ ಎಲ್ಲರೂ ಕೂತು ಮಾತಾಡೋಣ್ವಾ?”

“ಮುಗಿದಿದೆ ಅಂದ್ರೆ ಮುಗಿದಿದೆ ಅಂತ ಕಣಮ್ಮ. ಅದಕ್ಕೂ ಒಂದು ಮೀಟಿಂಗ್ ಬೇಕಾ?” ಎಂದು ಗಂಟಕ್ಕ ಫೋನ್ ಇಟ್ಟಳು. ಗಡುವು ಹತ್ತಿರವಿತ್ತು, ನಿಜ. ಆದರೆ ಒಂದು ಮಾತಿಗೆ ಕಿವಿಗೊಡಲು ಎಷ್ಟು ಹೊತ್ತು ಬೇಕು ಹೇಳಿ? ಬೆಳ್ಳಗಿರುವುದೆಲ್ಲ ಹಾಲು ಎಂದುಕೊಂಡವರಿಗೆ ಯಾರು ತಾನೇ ಬುದ್ಧಿ ಹೇಳಿಯಾರು!

ಅವಳ ಅಣ್ಣನೂ ಅದೇ ಪಟ್ಟಿಯಲ್ಲಿದ್ದ. ದರ್ಜಿ. ಆರು ವರ್ಷದಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್. ಸೂಜಿ ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಕೈಯ ನರಗಳೆಲ್ಲ ಸೋತಿದ್ದವು. ಇನ್ನೊಂದು ವರ್ಷ ಎಳೆದರೆ ಹೆಚ್ಚು, ಅಷ್ಟರೊಳಗೆ ಕಿಡ್ನಿ ಸಿಗಲೇಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಪಟ್ಟಿಯಲ್ಲಿ ಅವನದು ಎರಡನೆಯ ಸ್ಥಾನ. ಗಂಟು ಹಾಕುವ ಕೆಲಸ ಮುಗಿದ ಮೇಲೆ, ಎರಡು ಬಸ್ಸು ಬದಲಿಸಿ ಹೋಗಿಬರುವ ಅವನ ಪಾಡು ನೋಡಲಾರದೆ, ಗಂಟಕ್ಕನೇ ಓಡಾಡಿ ತನ್ನ ಕಚೇರಿಯ ಹಿಂದಿನ ಬೀದಿಯ ಕೇಂದ್ರಕ್ಕೆ ಅವನನ್ನು ವರ್ಗ ಮಾಡಿಸಿದಳು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋಗಿ ಅವನ ಪಕ್ಕದಲ್ಲೇ ಕೂತು ತಿನ್ನುವಳು.

“ನನ್ನ ಸರದಿ ಎಲ್ಲಿಗೆ ಬಂತೇ? ಆ ಮೊದಲನೆಯವನು ಇನ್ನೂ ಜಾಗ ಬಿಟ್ಟಿಲ್ವಾ?” ಎಂದು ಅವಳು ಹೋದಾಗಲೆಲ್ಲ ಅಣ್ಣ ಪೀಡಿಸುತ್ತಿದ್ದ. ಪಟ್ಟಿ ನೋಡುವ ಅಧಿಕಾರ ಅವಳಿಗಿರಲಿಲ್ಲ. ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಅವನ ಕಾಟ ತಾಳದೆ ಪಟ್ಟಿ ಕಚೇರಿಯ ಗುಮಾಸ್ತನಿಗೆ ಫೋನ್ ಮಾಡಿ ಅಣ್ಣನ ಸರದಿ ವಿಚಾರಿಸಿದಳು.

“ಆ ಹೆಸರು ಈಗ ಪಟ್ಟೀಲಿಲ್ಲ ಮೇಡಂ,” ಎಂದ ಗುಮಾಸ್ತ ದನಿ ತಗ್ಗಿಸಿದ. “ಯಾವಾಗ ತೀರ್ಕೊಂಡ್ರು?”

“ಯಾರು?”

“ನಿಮ್ಮಣ್ಣ. ಇಲ್ಲಿ ಮುಗಿದಿದೆ ಅಂತ ಬಂದಿದೆ.”

“ಬಿಡ್ತು ಅನ್ನಿ! ಈಗ ತಾನೇ ಅವನ ಜೊತೆ ಊಟ ಮಾಡಿ ಬಂದೆ.”

ಆಮೇಲೆ ಒಂದೊಂದೇ ಹೊರಬಿತ್ತು. ರೋಗಿ ಬೇರೆ ಕೇಂದ್ರಕ್ಕೆ ಹೋದರೆ, ಇಲ್ಲಿಯ ಫೈಲು ಮುಚ್ಚಿತು ಎನ್ನಲು ಕೇಂದ್ರದವರು ‘ಮುಗಿದಿದೆ’ ಒತ್ತುತ್ತಿದ್ದರು. ಪಟ್ಟಿಯವರ ಪಾಲಿಗೆ ಮುಗಿದಿದೆ ಎಂದರೆ ಆಸಾಮಿಗೆ ಇನ್ನು ಕಿಡ್ನಿ ಬೇಡ. ಒಂದೋ ಸಿಕ್ಕಿದೆ, ಇಲ್ಲವೇ ಸತ್ತಿದ್ದಾನೆ. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯದು ಈ ಕಂಪ್ಯೂಟರು. ಅವಳು ಎಳೆದ ಗೆರೆ ಹಿಡಿದು ಹೋಗಿ ಅಣ್ಣನ ಹೆಸರನ್ನು ತೆಗೆದುಹಾಕಿತ್ತು.

“ಹೋದ ತಿಂಗಳು ಅವರಿಗೆ ಹೊಂದೋ ಕಿಡ್ನಿ ಒಂದು ಬಂದಿತ್ತು,” ಗುಮಾಸ್ತ ಹೇಳಿದ. “ಮೊದಲನೆಯವರಿಗೆ ಜ್ವರ. ಮೂರನೆಯವರಿಗೆ ಹೋಯ್ತು.”

ಎರಡನೆಯವರ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಯ್ಯೋ, ಕೈಯಾರೆ ಕೊಂದೆನಲ್ಲ ಎಂದುಕೊಂಡಳು.

“ಹೆಸರು ವಾಪಸ್ ಸೇರಿಸಬಹುದು, ಹಳೇ ಸರದೀನೇ ಸಿಗುತ್ತೆ. ಕಾರಣ ಬರೆದು, ಕೆಳಗೆ ನಿಮ್ಮಣ್ಣನ ಸಹಿ ಹಾಕಿಸ್ಕೊಂಡು ಬನ್ನಿ. ತಾಂತ್ರಿಕ ದೋಷ ಅಂತ ಬರೆದುಬಿಡಿ ಮೇಡಂ, ಯಾರೂ ಏನೂ ಕೇಳಲ್ಲ.”

ಹಾಗೆಯೇ ಬರೆದು ಹಿಂದಿನ ಬೀದಿಗೆ ಓಡಿದಳು. ಅಣ್ಣ ಇನ್ನೂ ಯಂತ್ರಕ್ಕೆ ಅಂಟಿಕೊಂಡೇ ಮಲಗಿದ್ದ. ಬಿಡುವಾಗಿದ್ದ ಕೈಯಲ್ಲಿ ಕಾಗದ ಹಿಡಿದು ನಿಧಾನವಾಗಿ ಓದಿದ.

“ದೋಷ ಅಂದ್ರೆ? ಯಾರದು?”

“ಯಾರದೂ ಅಂತಲ್ಲ, ಈ ಕಂಪ್ಯೂಟರಲ್ಲಿ…”

ಅವನು ಕಾಗದದಿಂದ ಕಣ್ಣೆತ್ತಿ ಅವಳನ್ನು ನೋಡಿದ. ಚಿಕ್ಕಂದಿನಲ್ಲಿ ಅವಳು ಸುಳ್ಳು ಹೇಳಲು ಬಾಯಿ ತೆರೆದಾಗಲೂ ಹೀಗೇ ನೋಡುತ್ತಿದ್ದ.

“ನಂದು ಅಣ್ಣ,” ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು. ನರ್ಸಮ್ಮನ ಫೋನನ್ನೂ ಬಿಡಲಿಲ್ಲ, ಬಂದು ಹೋದ ಕಿಡ್ನಿಯನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಅತ್ತಳು.

ಅಣ್ಣ ಯಂತ್ರದ ಕಡೆ ಮುಖ ತಿರುಗಿಸಿದ.

“ಅಂದ್ರೆ ನಾನು ಆ ಎರಡು ಬಸ್ಸಲ್ಲೇ ಓಡಾಡ್ಕೊಂಡಿದ್ದಿದ್ರೆ ಅದು ನನಗೇ ಸಿಕ್ತಿತ್ತು.”

“ಹೂಂ.”

“ತಂಗಿ ಹತ್ತಿರಕ್ಕೆ ಬಂದುಬಿಟ್ಟೆ, ಇನ್ನು ನನಗೆ ಭಯ ಇಲ್ಲ ಅಂತ ಸಿಕ್ಕಸಿಕ್ಕವರ ಹತ್ರ ಹೇಳ್ಕೊಂಡು ತಿರುಗಿದ್ನಲ್ಲೇ.”

ಅವನು ಪೆನ್ನಿಗೆ ಕೈ ಚಾಚಿದ. ಕಾಗದವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸಹಿ ಮಾಡಿ ಅವಳ ಕಡೆ ತಳ್ಳಿದ. ಅಷ್ಟರಲ್ಲಿ ನರ್ಸ್ ಬಂದು ಸೂಜಿ ತೆಗೆದು ಹತ್ತಿ ಒತ್ತಿದಳು. ಡಯಾಲಿಸಿಸ್ ಆದ ಮೇಲೆ ಅವನಿಗೆ ತಲೆ ಸುತ್ತುವುದು, ಅವಳು ಮೊಣಕೈ ಹಿಡಿದು ಬಾಗಿಲವರೆಗೆ ನಡೆಸುವುದು ರೂಢಿ. ಇಂದೂ ಕೈ ಚಾಚಿದಳು. ಅಣ್ಣ ಗೋಡೆ ಹಿಡಿದುಕೊಂಡು ಹೋದ.